ಬಂದವರು ಯಾರೆಂದು ಅಜ್ಜ ಕೇಳಲಿಲ್ಲ

ಕಳೆದ ಬೇಸಿಗೆಯಲ್ಲಿ ನರಗುಂದ ಸೀಮೆಯಲ್ಲಿರುವ ಅವ್ವನ ತವರೂರಿಗೆ ಹೋಗಿದ್ದೆ. ಗಜೇಂದ್ರಗಡದಿಂದ ರೋಣಕ್ಕೆ ಒಂದು ಬಸ್ಸು, ರೋಣದಿಂದ ನರಗುಂದಕ್ಕೆ ಇನ್ನೊಂದು, ಅಲ್ಲಿಂದ ಊರಿಗೆ ಟಂಟಂ. ಬ್ಯಾಗಿನಲ್ಲಿ ಬಟ್ಟೆಗಿಂತ ಜೆರಾಕ್ಸ್ ಹಾಳೆಗಳೇ ಹೆಚ್ಚಿದ್ದವು. ಪಿಎಚ್.ಡಿ.ಯ ನಾಲ್ಕನೇ ವರ್ಷ ನಡೆದಿತ್ತು. ಹೆರಾಲ್ಡ್ ಪಿಂಟರ್ ಮೇಲಿನ ಅಧ್ಯಾಯ ಎಷ್ಟು ಬರೆದರೂ ಮುಗಿಯುತ್ತಿರಲಿಲ್ಲ.

ಸಂಜೆ ಕಟ್ಟೆಯ ಮೇಲೆ ಕೂತಿದ್ದಾಗ ಅಜ್ಜ ಕೇಳಿದ: "ಇಷ್ಟ ವರ್ಷಾತು, ಏನ್ ಬರಿಯಾಕತ್ತೀಯವ್ವಾ?" ಎಂಬತ್ತು ದಾಟಿದ ಮನುಷ್ಯ. ಕಂಪನಿ ನಾಟಕಗಳನ್ನು ಬೆಳತನಕ ನೋಡಿ ಬೆಳೆದವನು. ಅವನಿಗೆ 'ಅಸಂಗತ ನಾಟಕ' ಅಂದರೆ ಏನೆಂದು ವಿವರಿಸುವ ಗೋಜಿಗೆ ಹೋಗದೆ 'ದಿ ಬರ್ತ್‌ಡೇ ಪಾರ್ಟಿ'ಯ ಕಥೆಯನ್ನೇ ಹೇಳಿದೆ.

ಸಮುದ್ರದ ದಂಡೆಯ ಊರಲ್ಲಿ ಒಂದು ಮನೆ. ಅಲ್ಲಿ ಪೀಟಿ, ಮೆಗ್ ಎಂಬ ವಯಸ್ಸಾದ ಗಂಡ ಹೆಂಡತಿ. ಬಾಡಿಗೆಗೆ ಒಬ್ಬನೇ ಒಬ್ಬ ಇದ್ದಾನೆ, ಸ್ಟ್ಯಾನ್ಲಿ ಅಂತ. ಪಿಯಾನೋ ಬಾರಿಸುತ್ತಿದ್ದೆ ಅನ್ನುತ್ತಾನೆ, ಈಗ ಮನೆ ಬಿಟ್ಟು ಹೊರಗೆ ಬೀಳುವುದಿಲ್ಲ. ಒಂದು ದಿನ ಗೋಲ್ಡ್‌ಬರ್ಗ್, ಮೆಕ್ಯಾನ್ ಎಂಬ ಇಬ್ಬರು ಬರುತ್ತಾರೆ. ಒಳ್ಳೆಯ ಬಟ್ಟೆ, ನಯವಾದ ಮಾತು. ಸ್ಟ್ಯಾನ್ಲಿಯ ಹುಟ್ಟುಹಬ್ಬ ಮಾಡೋಣ ಅನ್ನುತ್ತಾರೆ. ಅವನು ಇವತ್ತು ನನ್ನ ಹುಟ್ಟುಹಬ್ಬವೇ ಅಲ್ಲ ಅನ್ನುತ್ತಾನೆ, ಯಾರೂ ಕೇಳುವುದಿಲ್ಲ. ಅವನನ್ನು ಕೂರಿಸಿ ತಲೆಬುಡವಿಲ್ಲದ ಪ್ರಶ್ನೆಗಳ ಮಳೆ ಸುರಿಸುತ್ತಾರೆ. ಮರುದಿನ ಬೆಳಗ್ಗೆ ಗಡ್ಡ ಹೆರೆಸಿ, ಕಪ್ಪು ಸೂಟು ತೊಡಿಸಿ, ಒಡೆದ ಕನ್ನಡಕ ಕೈಗೆ ಕೊಟ್ಟು ಕಾರಿನಲ್ಲಿ ಒಯ್ಯುತ್ತಾರೆ. ಅಷ್ಟೊತ್ತಿಗೆ ಅವನಿಗೆ ಮಾತೇ ಹೊರಡುತ್ತಿರುವುದಿಲ್ಲ.

ಇಷ್ಟು ಕೇಳಿದವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: ಆ ಇಬ್ಬರು ಯಾರು? ನಮ್ಮ ಎಂ.ಎ. ಕ್ಲಾಸಿನಲ್ಲಿ ಇಡೀ ಒಂದು ಗಂಟೆ ಇದೇ ಚರ್ಚೆ ನಡೆದಿತ್ತು. ಅಜ್ಜ ಅದನ್ನು ಕೇಳಲಿಲ್ಲ. ಎಲೆ ಅಡಿಕೆಯ ಚೀಲ ಬಿಚ್ಚುತ್ತ ಕೇಳಿದ: "ಆ ಮನಿ ಯಜಮಾನ ಏನ್ ಮಾಡಿದಾ?"

ಈ ಲೇಖನ ಆ ಪ್ರಶ್ನೆಯಿಂದ ಹುಟ್ಟಿದ್ದು.

*

ಮೊದಲು, ನಾವೆಲ್ಲ ಕೇಳುತ್ತ ಬಂದ ಪ್ರಶ್ನೆಯ ಚರಿತ್ರೆ ನೋಡೋಣ. 1958ರ ಮೇ 19ರಂದು ಲಂಡನ್ನಿನ ಲಿರಿಕ್ ಹ್ಯಾಮರ್‌ಸ್ಮಿತ್ ರಂಗಮಂದಿರದಲ್ಲಿ ಈ ನಾಟಕ ಶುರುವಾಯಿತು. ಪತ್ರಿಕೆಗಳು ಅರ್ಥವಾಗುವುದಿಲ್ಲವೆಂದು ಬೈದವು. ಎಂಟು ಪ್ರದರ್ಶನಗಳಿಗೆ ನಾಟಕ ನಿಂತಿತು. 'ಸಂಡೇ ಟೈಮ್ಸ್'ನಲ್ಲಿ ಹೆರಾಲ್ಡ್ ಹಾಬ್ಸನ್ ಮೆಚ್ಚಿ ಬರೆದ ವಿಮರ್ಶೆ ಅಚ್ಚಾಗಿ ಬರುವಷ್ಟರಲ್ಲಿ ರಂಗಮಂದಿರ ಖಾಲಿಯಾಗಿತ್ತು. ಅದೇ ವರ್ಷ ಅರ್ವಿಂಗ್ ವಾರ್ಡಲ್ ಎಂಬ ವಿಮರ್ಶಕ ಇಂಥ ನಾಟಕಗಳಿಗೆ 'ಕಾಮೆಡಿ ಆಫ್ ಮೆನೇಸ್' ಎಂಬ ಹೆಸರು ಬಳಸಿದ. ಅದು ಡೇವಿಡ್ ಕ್ಯಾಂಪ್ಟನ್ ತನ್ನ ನಾಟಕವೊಂದಕ್ಕೆ ಕೊಟ್ಟಿದ್ದ ಉಪಶೀರ್ಷಿಕೆ. 1961ರಲ್ಲಿ ಮಾರ್ಟಿನ್ ಎಸ್ಲಿನ್ 'ದಿ ಥಿಯೇಟರ್ ಆಫ್ ದಿ ಅಬ್ಸರ್ಡ್' ಪುಸ್ತಕದಲ್ಲಿ ಪಿಂಟರ್‌ನನ್ನು ಬೆಕೆಟ್, ಅಯನೆಸ್ಕೋ ಜೊತೆಗೆ ಕೂರಿಸಿದ. ಅಲ್ಲಿಂದ ಮುಂದೆ ಗೋಲ್ಡ್‌ಬರ್ಗ್, ಮೆಕ್ಯಾನ್ ಮನುಷ್ಯರಾಗಿ ಉಳಿಯಲಿಲ್ಲ. ಒಬ್ಬರಿಗೆ ಸಾವಾದರು, ಇನ್ನೊಬ್ಬರಿಗೆ ಸಮಾಜವಾದರು, ಮತ್ತೊಬ್ಬರಿಗೆ ಬದುಕಿನ ಅರ್ಥಹೀನತೆಯೇ ಆದರು.

ಕನ್ನಡಕ್ಕೆ ಈ ಪಂಥ ಬಂದಾಗ 'ಅಸಂಗತ' ಎಂಬ ಹೆಸರು ಸಿಕ್ಕಿತು. 'ಮೆನೇಸ್' ಎಂಬುದನ್ನು 'ಬೆದರಿಕೆ' ಎಂದು ಅನುವಾದಿಸಿಕೊಂಡೆವು. ನನ್ನ ಅಧ್ಯಾಯದಲ್ಲೂ ಅದೇ ಪದವಿತ್ತು. ಆದರೆ ಬೆದರಿಕೆ ಎಂಬುದು ಬೆದರಿಸುವವನ ಬಳಿ ಇರುವ ವಸ್ತು. ಆ ಪದ ಹಿಡಿದುಕೊಂಡರೆ ನಮ್ಮ ಕಣ್ಣು ಬಾಗಿಲ ಆಚೆಯೇ ನೆಡುತ್ತದೆ. ಅಜ್ಜನ ಮಾತಿನಲ್ಲಿ ಇನ್ನೊಂದು ಪದವಿದೆ: ಅಳುಕು. ಅಳುಕು ಇರುವುದು ಮನೆಯ ಒಳಗೆ, ಬಾಗಿಲು ತೆರೆದವನ ಎದೆಯಲ್ಲಿ. ಗೋಲ್ಡ್‌ಬರ್ಗ್ ಆ ಮನೆಯಲ್ಲಿ ಯಾರಿಗೂ ಕತ್ತಿ ತೋರಿಸುವುದಿಲ್ಲ. ಮೆಗ್‌ಳ ಉಡುಪನ್ನು ಹೊಗಳುತ್ತಾನೆ, ತನ್ನ ಬಾಲ್ಯ ನೆನೆಸಿಕೊಳ್ಳುತ್ತಾನೆ. ನಾಟಕವನ್ನು ನಡೆಸುವುದು ಅವನ ಬೆದರಿಕೆಗಿಂತ ಮನೆಯವರ ಅಳುಕು.

ಹೀಗೆ ನೋಡಿದರೆ ಪೀಟಿ ಕಣ್ಣಿಗೆ ಬೀಳುತ್ತಾನೆ. ವಿಮರ್ಶೆಯಲ್ಲಿ ಅವನಿಗೆ ಸಿಗುವುದು ಒಂದೆರಡು ಸಾಲು. ಅವನು ದಂಡೆಯ ಮೇಲೆ ಕುರ್ಚಿಗಳನ್ನು ನೋಡಿಕೊಳ್ಳುವ ಸಾದಾ ಮನುಷ್ಯ. ಮುಂಜಾನೆ ಪೇಪರು ಓದುತ್ತಾನೆ, ಕಾರ್ನ್‌ಫ್ಲೇಕ್ಸ್ ತಿನ್ನುತ್ತಾನೆ, ಕೆಲಸಕ್ಕೆ ಹೋಗುತ್ತಾನೆ. ಆದರೆ ಆ ಇಬ್ಬರು ಮೊದಲು ಕಂಡದ್ದು ಅವನನ್ನೇ. ದಂಡೆಯಲ್ಲಿ ಅವರು ರೂಮು ಕೇಳಿದಾಗ ಬರಲು ಹೇಳಿದವನು ಅವನೇ. ಪಾರ್ಟಿಯ ರಾತ್ರಿ ಅವನು ಮನೆಯಲ್ಲಿರುವುದಿಲ್ಲ, ಚದುರಂಗ ಆಡಲು ಹೋಗಿರುತ್ತಾನೆ. ಬೆಳಗ್ಗೆ ಮೆಗ್‌ಗಿಂತ ಮೊದಲೇ ಅವನಿಗೆ ಎಲ್ಲ ತಿಳಿದಿರುತ್ತದೆ. ಡಾಕ್ಟರನ್ನು ಕರೆಸೋಣ ಅನ್ನುತ್ತಾನೆ. ಸ್ಟ್ಯಾನ್ಲಿಯನ್ನು ಹೊರಡಿಸುವಾಗ ಅಡ್ಡ ಬಂದು, ಇವನನ್ನು ಬಿಡಿ ಅನ್ನುತ್ತಾನೆ. ಆಗ ಗೋಲ್ಡ್‌ಬರ್ಗ್ ಏರುದನಿ ಮಾಡುವುದಿಲ್ಲ. ನೀವೂ ಬರುವುದಾದರೆ ಬನ್ನಿ, ಕಾರಿನಲ್ಲಿ ಜಾಗ ಬೇಕಾದಷ್ಟಿದೆ ಎಂದು ಉಪಚಾರದ ದನಿಯಲ್ಲಿ ಕರೆಯುತ್ತಾನೆ. ಪೀಟಿ ನಿಂತಲ್ಲೇ ನಿಲ್ಲುತ್ತಾನೆ. ಅವರು ಬಾಗಿಲು ದಾಟುವಾಗ ಮಾತ್ರ ಅವನ ಬಾಯಿಂದ ಒಂದು ಕೂಗು ಹೊರಡುತ್ತದೆ. ಅವರು ಹೇಳಿದಂತೆ ಕುಣಿಯಬೇಡ ಎಂಬ ಅರ್ಥದ ಕೂಗು. ಕಾರು ಹೋಗುತ್ತದೆ. ಅವನು ಕೂತು ಪೇಪರು ಬಿಚ್ಚುತ್ತಾನೆ. ಹಿಂದಿನ ದಿನ ಮೆಕ್ಯಾನ್ ಒಂದೇ ಅಳತೆಗೆ ಹರಿದಿಟ್ಟಿದ್ದ ಪಟ್ಟಿಗಳು ನೆಲಕ್ಕೆ ಬೀಳುತ್ತವೆ. ಮೆಗ್ ಬಂದು ಸ್ಟ್ಯಾನ್ಲಿ ಎಲ್ಲಿ ಎಂದರೆ, ಮಲಗಿದ್ದಾನೆ, ಮಲಗಲಿ ಬಿಡು ಅನ್ನುತ್ತಾನೆ.

ಆ ಮನೆಯ ಯಜಮಾನ ಮಾಡಿದ್ದು ಇಷ್ಟು. ಒಂದು ಕೂಗು, ಒಂದು ಸುಳ್ಳು.

*

ಪಿಂಟರ್ ಈ ಮನುಷ್ಯನನ್ನು ಎಲ್ಲಿಂದ ತಂದ? 1930ರಲ್ಲಿ ಪೂರ್ವ ಲಂಡನ್ನಿನ ಹ್ಯಾಕ್ನಿಯಲ್ಲಿ, ಪೂರ್ವ ಯುರೋಪಿನಿಂದ ಬಂದ ಯಹೂದಿ ಮನೆತನದಲ್ಲಿ ಹುಟ್ಟಿದವನು ಅವನು. ಯುದ್ಧದಲ್ಲಿ ಬಾಂಬಿಗೆ ಅಂಜಿ ಮಕ್ಕಳನ್ನು ಹಳ್ಳಿಗಳಿಗೆ ಕಳಿಸಿದಾಗ ಅವನೂ ಅಪ್ಪ ಅಮ್ಮನನ್ನು ಬಿಟ್ಟು ಕಾರ್ನ್‌ವಾಲ್‌ಗೆ ಹೋದ. ಯುದ್ಧ ಗೆದ್ದ ಮೇಲೂ ಪೂರ್ವ ಲಂಡನ್ನಿನ ಬೀದಿಗಳಲ್ಲಿ ಫ್ಯಾಸಿಸ್ಟರು ಮತ್ತೆ ಸಭೆ ನಡೆಸತೊಡಗಿದ್ದರು. ಯಹೂದಿ ಹುಡುಗರಿಗೆ ಸಂದಿಗೊಂದಿಯಲ್ಲಿ ಹೊಡೆತ ಬೀಳುತ್ತಿತ್ತು. ಹದಿನೆಂಟಕ್ಕೆ ಸೈನ್ಯದ ಕರೆ ಬಂದಾಗ ಪಿಂಟರ್ ಹೋಗಲಿಲ್ಲ, ಕೋರ್ಟಿನಲ್ಲಿ ದಂಡ ಕಟ್ಟಿಸಿಕೊಂಡ. ಅಂದರೆ ಬಾಗಿಲು ಬಡಿಯುವ ಸದ್ದು ಅವನಿಗೆ ತತ್ತ್ವಶಾಸ್ತ್ರದಿಂದ ಬಂದದ್ದಲ್ಲ.

1958ರ ಪ್ರೇಕ್ಷಕರು ಹಿಟ್ಲರನ ಯುದ್ಧವನ್ನು ಗೆದ್ದ ದೇಶದವರು. ನಡುರಾತ್ರಿ ಬಂದು ಮನುಷ್ಯರನ್ನು ಒಯ್ಯುವುದು ಸಮುದ್ರದ ಆಚೆ, ಬೇರೆ ಜನರಲ್ಲಿ ನಡೆಯುವ ಸಂಗತಿ ಎಂಬ ನೆಮ್ಮದಿ ಅವರಿಗಿತ್ತು. ಪಿಂಟರ್ ಅದನ್ನು ತಂದು ಅವರ ರಜೆಯ ಊರಿನ ಮನೆಯಲ್ಲಿ, ತಿಂಡಿಯ ಟೇಬಲ್ಲಿನ ಪಕ್ಕದಲ್ಲಿ ಇಟ್ಟ. ಅರ್ಥವಾಗುವುದಿಲ್ಲ ಎಂಬ ಅಂದಿನ ದೂರಿನಲ್ಲಿ, ಅರ್ಥ ಮಾಡಿಕೊಳ್ಳಲು ಮನಸ್ಸಿಲ್ಲ ಎಂಬುದೂ ಬೆರೆತಿತ್ತೇನೋ ಎಂದು ನನ್ನ ಅನುಮಾನ.

ಇನ್ನೂ ಒಂದು ಮಾತಿದೆ. ಒಯ್ಯಲು ಬಂದವರಲ್ಲಿ ಒಬ್ಬ ಯಹೂದಿ, ಇನ್ನೊಬ್ಬ ಐರಿಶ್ ಕ್ಯಾಥೊಲಿಕ್. ಇಬ್ಬರೂ ಇಂಗ್ಲೆಂಡಿನಲ್ಲಿ ಸಾಕಷ್ಟು ತುಳಿಸಿಕೊಂಡ ಸಮುದಾಯದವರು. ಅವರ ಹೆಸರುಗಳೂ ನೆಟ್ಟಗಿಲ್ಲ. ಗೋಲ್ಡ್‌ಬರ್ಗ್ ಒಮ್ಮೆ ನ್ಯಾಟ್, ತಾಯಿಯ ಬಾಯಲ್ಲಿ ಸಿಮಿ, ತಂದೆಯ ಬಾಯಲ್ಲಿ ಬೆನ್ನಿ. ಇಂಥವನು ಸ್ಟ್ಯಾನ್ಲಿಗೆ, ಹೆಸರು ಯಾಕೆ ಬದಲಿಸಿದೆ ಎಂದು ಗದರಿಸುತ್ತಾನೆ. ತನ್ನ ಗುರುತು ಗಟ್ಟಿಯಿಲ್ಲದವನು ಇನ್ನೊಬ್ಬನ ಗುರುತು ತಪಾಸಣೆಗೆ ನಿಂತಿದ್ದಾನೆ. ತುಳಿಸಿಕೊಂಡವನು ಎಂದಾದರೂ ತುಳಿಯುವವರ ಕೆಲಸಕ್ಕೆ ಸೇರಬಹುದು ಎಂಬುದನ್ನು ಒಬ್ಬ ಯಹೂದಿ ಲೇಖಕ, ಯುದ್ಧ ಮುಗಿದು ಹನ್ನೆರಡೇ ವರ್ಷಕ್ಕೆ ಬರೆದ. ಅದಕ್ಕೆ ಬೇಕಾದ ಧೈರ್ಯವನ್ನು 'ಅಸಂಗತ' ಎಂಬ ಹಣೆಪಟ್ಟಿ ಮುಚ್ಚಿಹಾಕುತ್ತದೆ.

*

ಗುರುತಿನ ಮಾತು ಬಂದರೆ 'ದಿ ಕೇರ್‌ಟೇಕರ್' (1960) ಬಿಡುವಂತಿಲ್ಲ. ಅದರ ಅಲೆಮಾರಿ ಮುದುಕ ಡೇವಿಸ್ ಇನ್ನೊಂದು ಹೆಸರಿನಲ್ಲಿ ತಿರುಗುತ್ತಿದ್ದಾನೆ. ತಾನು ಯಾರೆಂದು ತೋರಿಸುವ ಕಾಗದಗಳು ಸಿಡ್‌ಕಪ್ ಎಂಬ ಊರಿನಲ್ಲಿ ಒಬ್ಬನ ಹತ್ತಿರ ಇವೆಯಂತೆ. ಹೋಗಿ ತರಬೇಕು. ಆದರೆ ಮಳೆ ನಿಲ್ಲಬೇಕು, ಒಳ್ಳೆಯ ಬೂಟು ಸಿಗಬೇಕು. ಕ್ಲಾಸಿನಲ್ಲಿ ಇದಕ್ಕೆ ನಗು ಬರುತ್ತದೆ. ಯುದ್ಧಕಾಲದ ಗುರುತಿನ ಚೀಟಿಯನ್ನು ಬ್ರಿಟನ್ ರದ್ದು ಮಾಡಿದ್ದು 1952ರಲ್ಲಿ, ವಿಮೆಯ ಕಾರ್ಡಿಲ್ಲದೆ ಕೆಲಸ ಸಿಗದ ಕಾಲ ಅದು ಎಂದು ತಿಳಿದರೆ ನಗು ಸ್ವಲ್ಪ ಇಳಿಯುತ್ತದೆ.

ಗಜೇಂದ್ರಗಡದಲ್ಲಿ ಬೆಳೆದ ನನಗೆ ಮೊದಲ ಓದಿಗೇ ನಗು ಬರಲಿಲ್ಲ. ನಮ್ಮಲ್ಲಿ ಎಲ್ಲರ ಕಾಗದಗಳೂ ಯಾವುದೋ ಒಂದು ಸಿಡ್‌ಕಪ್ಪಿನಲ್ಲೇ ಇರುತ್ತವೆ. ಅಪ್ಪನ ಹೆಸರು ಹೊಲದ ಉತಾರದಲ್ಲಿ ಒಂದು ಥರ, ಆಧಾರ್ ಕಾರ್ಡಿನಲ್ಲಿ ಇನ್ನೊಂದು ಥರ. ರೇಷನ್ ಕಾರ್ಡಿನಲ್ಲಿ ಅಡ್ಡಹೆಸರೇ ಇಲ್ಲ. ತಲಾಟಿಗಳು ಕೈಯಲ್ಲಿ ಬರೆದದ್ದು ಕಂಪ್ಯೂಟರಿಗೆ ಏರುವಾಗ ಎಲ್ಲೋ ಒಂದು ಒತ್ತಕ್ಷರ ಬಿದ್ದುಹೋಗಿತ್ತು. ಒಂದು ಕಚೇರಿಯಲ್ಲಿ, ಈ ಮೂರೂ ಹೆಸರಿನವನು ಒಬ್ಬನೇ ಎಂದು ಛಾಪಾ ಕಾಗದದ ಮೇಲೆ ಪ್ರಮಾಣಪತ್ರ ತರಲು ಹೇಳಿದರು. ಅಪ್ಪ ಮನೆಗೆ ಬಂದು, "ನಾನು ನಾನ ಅದೀನಿ ಅಂತ ನಾನ ಬರಕೊಡಬೇಕಂತ" ಎಂದು ನಕ್ಕ. ಆ ನಗುವಿನ ಒಳಗೆ ಅಳುಕಿತ್ತು. ಒಂದು ಒತ್ತಕ್ಷರಕ್ಕೆ ಹೊಲ ಹೋದೀತೇ ಎಂಬ ಅಳುಕು.

ಈ ಅಳುಕಿಗೆ ನಮ್ಮ ಸೀಮೆಯಲ್ಲಿ ಹಳೆಯ ಬೇರಿದೆ. 1852ರಲ್ಲಿ ಮುಂಬಯಿ ಸರ್ಕಾರ ಇನಾಂ ಕಮಿಷನ್ ನೇಮಿಸಿ, ಇನಾಂ ಭೂಮಿ ಉಣ್ಣುವವರು ದಾಖಲೆ ತೋರಿಸಬೇಕೆಂದಿತು. ತಲೆಮಾರುಗಳಿಂದ ಉಂಡವರ ಬಳಿ ಕಾಗದ ಇರಲಿಲ್ಲ, ಇದ್ದರೂ ಅವು ಒಪ್ಪಿಗೆಯಾಗಲಿಲ್ಲ. ಅತ್ತ ನರಗುಂದದ ಅರಸ ಭಾಸ್ಕರರಾವ್ ಭಾವೆಗೆ ಮಕ್ಕಳಿಲ್ಲ, ದತ್ತು ತೆಗೆದುಕೊಳ್ಳಲು ಒಪ್ಪಿಗೆ ಸಿಗಲಿಲ್ಲ. 1858ರ ಮೇ ತಿಂಗಳ ಕೊನೆಗೆ ಸುರೇಬಾನದಲ್ಲಿ ಹತನಾದ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್, ಇನಾಂ ಕಮಿಷನ್ನಿನಲ್ಲಿ ಕೆಲಸ ಮಾಡಿ ಜನರ ಸಿಟ್ಟು ಕಟ್ಟಿಕೊಂಡಿದ್ದ ಅಧಿಕಾರಿ. ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬನನ್ನು ಗಲ್ಲಿಗೇರಿಸಿದರು. ನಾವು ಇದನ್ನು ಸ್ವಾತಂತ್ರ್ಯ ಸಮರ ಎಂದು ಓದುತ್ತೇವೆ, ಸರಿಯೇ. ಆದರೆ ಅದರ ಒಡಲಲ್ಲಿ ಒಂದು ಡೇವಿಸ್ ಪ್ರಶ್ನೆಯೂ ಇತ್ತು: ನೀನು ಯಾರೆಂಬುದಕ್ಕೆ ಕಾಗದ ಎಲ್ಲಿ?

*

ಪಿಂಟರ್ ಬಗ್ಗೆ ಒಂದು ಸಿದ್ಧ ಮಾತಿದೆ. ಮೊದಲು ಅಸಂಗತ ಬರೆದ, ಎಂಬತ್ತರ ದಶಕದಲ್ಲಿ ರಾಜಕೀಯಕ್ಕೆ ಹೊರಳಿದ ಎಂಬುದು. 1984ರ 'ಒನ್ ಫಾರ್ ದಿ ರೋಡ್'ನಲ್ಲಿ ವಿಚಾರಣೆ ಮಾಡುವವನು ನೇರವಾಗಿ ಪ್ರಭುತ್ವದ ಮನುಷ್ಯ. ಟರ್ಕಿಯಲ್ಲಿ ಕುರ್ದರ ಪಾಡು ಕಂಡು ಬಂದ ಮೇಲೆ ಬರೆದ 1988ರ 'ಮೌಂಟನ್ ಲ್ಯಾಂಗ್ವೇಜ್'ನಲ್ಲಿ ಹೆಂಗಸರು ತಮ್ಮ ನುಡಿಯಲ್ಲಿ ಮಾತಾಡುವುದೇ ನಿಷಿದ್ಧ. ಕನ್ನಡದಲ್ಲಿ ಚಂದ್ರಶೇಖರ ಪಾಟೀಲರ ಬಗೆಗೂ ಇಂಥದೇ ಮಾತು ರೂಢಿ. ರೋಣ ತಾಲೂಕಿನ ಅಬ್ಬಿಗೇರಿಯ ಗಿರಡ್ಡಿ ಗೋವಿಂದರಾಜ, ಸಿದ್ಧಲಿಂಗ ಪಟ್ಟಣಶೆಟ್ಟಿ ಇವರ ಜೊತೆ 1964ರಲ್ಲಿ 'ಸಂಕ್ರಮಣ' ಶುರುಮಾಡಿದ ಚಂಪಾ ಆ ದಶಕದಲ್ಲಿ 'ಕೊಡೆಗಳು'ವಿನಂಥ ಅಸಂಗತ ನಾಟಕ ಬರೆದರು. ತುರ್ತುಪರಿಸ್ಥಿತಿಯಲ್ಲಿ ಜೈಲು ಕಂಡರು, ಆಮೇಲೆ 'ಜಗದಂಬೆಯ ಬೀದಿನಾಟಕ' ಬಂತು.

ಹೊರಳುವಿಕೆ ಎಂಬ ಈ ಪದವೇ ನನಗೆ ತಕರಾರಿನದು. 'ಒನ್ ಫಾರ್ ದಿ ರೋಡ್'ನ ವಿಚಾರಕ ಗೋಲ್ಡ್‌ಬರ್ಗ್‌ನಂತೆಯೇ ಸಭ್ಯವಾಗಿ ಮಾತಾಡುತ್ತ ಕುಡಿಯುತ್ತಾನೆ. ಬದಲಾದದ್ದು ಬಾಗಿಲ ಮೇಲಿನ ಬೋರ್ಡು. ಹಾಗೆ ನೋಡಿದರೆ ಹಿಂದಿನ ನಾಟಕವೇ ಹೆಚ್ಚು ಕಠಿಣ. ಬೋರ್ಡು ಇದ್ದಾಗ ನಾವು ಪ್ರಭುತ್ವವನ್ನು ಬೈದು ಮನೆಗೆ ಹೋಗಬಹುದು. ಬೋರ್ಡು ಇಲ್ಲದಾಗ ಉಳಿಯುವವನು ಪೀಟಿ ಒಬ್ಬನೇ.

*

ಅಜ್ಜನ ಮಾತಿಗೆ ಮರಳುತ್ತೇನೆ. ಪೀಟಿ ಮಾಡಿದ್ದನ್ನು ಹೇಳಿದ ಮೇಲೆ ಅವನು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ 1980ರ ಬಂಡಾಯದ ಮಾತು ತೆಗೆದ.

ಆ ಕಥೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಮಲಪ್ರಭೆಗೆ ನವಿಲುತೀರ್ಥದಲ್ಲಿ ಆಣೆಕಟ್ಟಾಯಿತು, ಕಾಲುವೆ ಬಂತು. ನೀರು ಸರಿಯಾಗಿ ಹರಿಯುವ ಮೊದಲೇ ಬೆಟರ್‌ಮೆಂಟ್ ಲೆವಿಯ ನೋಟೀಸು ಬಂತು. ನೀರು ಕಾಣದ ಎರಿಹೊಲಕ್ಕೂ ಬಂತು. ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಗೋಲಿಬಾರಾಗಿ ರೈತರು ಸತ್ತರು. ನರಗುಂದದಲ್ಲಿ ರೊಚ್ಚಿಗೆದ್ದ ಜನರ ಕೈಯಲ್ಲಿ ಪೊಲೀಸರೂ ಸತ್ತರು. ಪ್ರತಿ ವರ್ಷ ಆ ದಿನ ಹುತಾತ್ಮ ರೈತರ ವೀರಗಲ್ಲಿಗೆ ಮಾಲೆ ಬೀಳುತ್ತದೆ, ಭಾಷಣಗಳಾಗುತ್ತವೆ. ಅಜ್ಜ ಹೇಳಿದ್ದು ಯಾವ ಭಾಷಣದಲ್ಲೂ ಬರದ ಸಂಗತಿ.

ಗೋಲಿಬಾರಾದ ಕೆಲವು ದಿನಕ್ಕೆ ಪ್ಯಾಂಟು ಶರ್ಟಿನ ಇಬ್ಬರು ನಮ್ಮ ಕಟ್ಟೆಗೆ ಬಂದು ಕೂತರಂತೆ. ನೀರು ಕೇಳಿದರು. ಅಮ್ಮ ಚಹಾ ಮಾಡಿಕೊಟ್ಟಳು. ನಮ್ಮ ಕಡೆ ಅಜ್ಜಿಗೆ ಅಮ್ಮ ಅನ್ನುತ್ತೇವೆ. ಮಳೆ ಹೇಗಿದೆ, ಎತ್ತು ಎಷ್ಟಕ್ಕೆ ತಂದಿರಿ ಎಂದು ಮಾತಾಡಿದರು. ಏಳುವಾಗ, ಬಾಜೂ ಮನೆಯವನು ಎಲ್ಲಿ ಎಂದು ಕೇಳಿದರು.

"ಬಾಯಿಲೆ ಹೇಳ್ಲಿಲ್ಲಬೇ. ಗದ್ದ ಎತ್ತಿ ಹೊಲದ ಹಾದಿ ತೋರಿಸ್ದೆ."

ಬಾಜೂ ಮನೆಯವನು ಒಂಬತ್ತು ದಿನಕ್ಕೆ ತಿರುಗಿ ಬಂದ. ಮೈಮೇಲೆ ಗಾಯವೇನೂ ಕಾಣಲಿಲ್ಲ. ಅಲ್ಲಿ ಏನಾಯಿತೆಂದು ಅವನು ಹೇಳಲಿಲ್ಲ, ಇವರು ಕೇಳಲಿಲ್ಲ. ಎರಡೂ ಮನೆಯವರು ಮದುವೆ ಮುಂಜಿಗೆ ಹೋಗಿಬಂದು ಮಾಡಿಕೊಂಡೇ ಇದ್ದರು. ಆದರೆ ಸಾಯುವ ತನಕ ಅವನು ಮತ್ತೆ ಈ ಕಟ್ಟೆಯ ಮೇಲೆ ಕೂರಲಿಲ್ಲ.

ಆಗ ನಾನು, ನಾಲ್ಕು ವರ್ಷದಿಂದ ಪಿಂಟರ್ ಓದುತ್ತಿರುವವಳು, ಕ್ಲಾಸಿನ ಪ್ರಶ್ನೆಯನ್ನೇ ಕೇಳಿಬಿಟ್ಟೆ: "ಅವರು ಯಾರು ಅಂತ ಕೇಳಲಿಲ್ಲೇನಜ್ಜಾ? ಪೊಲೀಸರೇನು?"

"ಯಾರಾದ್ರ ಏನವ್ವಾ. ತೋರಿಸಿದಾಂವ ನಾ ಅಲ್ಲ?"

*

ಈ ಸಂಗತಿಯನ್ನು ಬರೆಯಲು ಅಜ್ಜ ಒಪ್ಪಿದ್ದು ಒಂದು ಕರಾರಿನ ಮೇಲೆ: ಊರಿನ ಹೆಸರು, ಮನೆಯ ಹೆಸರು ಬರಬಾರದು. ಬರೆಯುವುದು ಸರಿಯೇ ಎಂಬ ಅನುಮಾನ ನನಗಿನ್ನೂ ಹೋಗಿಲ್ಲ. ಅಜ್ಜನನ್ನು ಪೀಟಿ ಎಂದು ಕರೆದರೆ ಅಧ್ಯಾಯಕ್ಕೆ ಒಳ್ಳೆಯ ಪ್ಯಾರಾ ಸಿಗುತ್ತದೆ. ಆದರೆ ಆ ಜುಲೈನಲ್ಲಿ ಗದ್ದ ಎತ್ತದೆ ಇದ್ದಿದ್ದರೆ ಏನಾಗುತ್ತಿತ್ತೆಂದು ನನಗೆ ಗೊತ್ತಿಲ್ಲ. ಕಾರಿನಲ್ಲಿ ಜಾಗ ಬೇಕಾದಷ್ಟಿರುತ್ತದೆ.

ಪಿಂಟರ್ 1988ರ ಒಂದು ಸಂದರ್ಶನದಲ್ಲಿ, ಪೀಟಿಯ ಆ ಕೊನೆಯ ಕೂಗಿನ ಮಾತನ್ನೇ ತಾನು ಜೀವಮಾನವಿಡೀ ಬಾಳಿದ್ದೇನೆ ಎಂಬರ್ಥದಲ್ಲಿ ಹೇಳಿದ್ದ. ವಿಮರ್ಶಕರು ಇದನ್ನು ಮೆಚ್ಚಿ ಎತ್ತಿ ಆಡುತ್ತಾರೆ. ನನಗೆ ಮುಖ್ಯವಾಗಿ ಕಾಣುವುದು, ಆ ಮಾತನ್ನು ಬಾಳಿದವನು ಲೇಖಕ, ಪೀಟಿ ಅಲ್ಲ ಎಂಬುದು. ಪಿಂಟರ್ ತನ್ನ ಬಾಳಿನ ಮಾತನ್ನು ಒಬ್ಬ ವೀರನ ಬಾಯಿಗೆ ಕೊಡಲಿಲ್ಲ. ಕೂಗಿ, ಆಮೇಲೆ ಕೂತು, ಹೆಂಡತಿಗೆ ಸುಳ್ಳು ಹೇಳುವ ಮನುಷ್ಯನ ಬಾಯಿಗೆ ಕೊಟ್ಟ. ಎರಡೂ ಒಬ್ಬನಲ್ಲೇ ಇರುತ್ತವೆ ಎಂಬುದು ಅವನಿಗೆ ತಿಳಿದಿತ್ತು. ಗೋಲ್ಡ್‌ಬರ್ಗ್ ಯಾರೆಂದು ನಾಟಕ ಹೇಳದಿರುವುದು ನಿಗೂಢತೆಯ ತಂತ್ರವಲ್ಲ ಎಂದು ಈಗ ನನಗನ್ನಿಸುತ್ತದೆ. ಬಂದವರ ಗುರುತು ಸಿಕ್ಕಿಬಿಟ್ಟರೆ ನಾವು ಅವರನ್ನೇ ನೋಡುತ್ತ ಕೂರುತ್ತೇವೆ, ಮನೆಯವರನ್ನು ಮರೆಯುತ್ತೇವೆ.

ಆ ರಾತ್ರಿ ಊಟಕ್ಕೆ ಏಳುವ ಮುಂಚೆ ಅಜ್ಜ ಇನ್ನೊಂದು ಮಾತು ಕೇಳಿದ: "ಆ ಮನಿ ಹೆಣಮಗಳಿಗೆ ಗೊತ್ತಾಗಲೇ ಇಲ್ಲೇನು?"

ಇಲ್ಲ ಅಂದೆ. ನಿನ್ನೆ ಪಾರ್ಟಿ ಬಹಳ ಚೆನ್ನಾಗಿತ್ತು, ಎಲ್ಲರ ಕಣ್ಣೂ ನನ್ನ ಮೇಲೇ ಇತ್ತು ಎಂದು ಅವಳು ಹೇಳಿಕೊಳ್ಳುವಲ್ಲಿಗೆ ನಾಟಕ ಮುಗಿಯುತ್ತದೆ ಅಂದೆ.

"ನಿಮ್ಮಮ್ಮಗ ಎಲ್ಲಾ ಗೊತ್ತಿತ್ತು," ಅಂದ ಅಜ್ಜ. "ಚಹಾದ ಬಟ್ಟಲಾ ತೊಳಕೋತ ಒಳಗಿಂದ ನೋಡಾಕತ್ತಿದ್ಲು. ಆಕೀನೂ ಎಂದೂ ಆ ಮಾತ ತಗೀಲಿಲ್ಲ."

ಅಮ್ಮ ತೀರಿಕೊಂಡು ಆರು ವರ್ಷವಾಯಿತು. ನನ್ನ ಅಧ್ಯಾಯದಲ್ಲಿ, ಮೆಗ್ ಏನೂ ತಿಳಿಯದ ಪೆದ್ದಿ ಎಂದು ಬರೆದ ಒಂದು ಪುಟ ಹಾಗೇ ಇದೆ. ಅವಳಿಗೂ ತಿಳಿದಿತ್ತೇನೋ, ಪಾರ್ಟಿಯ ಮಾತು ಅವಳು ಹೇಳಿಕೊಳ್ಳುವ ಸುಳ್ಳೇನೋ ಎಂದು ಈಗ ಮತ್ತೆ ಮೊದಲಿನಿಂದ ಓದುತ್ತಿದ್ದೇನೆ. ಆ ಪುಟ ಹರಿದು ಹೊಸದಾಗಿ ಬರೆಯಬೇಕು.